ಭಾನುವಾರ ಎರಡು ಗಂಟೆ ಬಿಡುವಿದೆಯಾ?

ಎಲ್ಲರಿಗೂ ನಮಸ್ಕಾರ. ಮತದಾರರ ಪಟ್ಟಿಗೆ ಹೆಸರು ಸೇರಿಸಲು ನೆರವಾಗುವುದಕ್ಕೆ ನಮ್ಮ ಬೀದಿಯಿಂದ ಆರೇಳು ಜನ ಬೇಕು. ಭಾನುವಾರ ಬೆಳಿಗ್ಗೆ 9ಕ್ಕೆ ಗಣಪತಿ ಗುಡಿ ಕಟ್ಟೆ ಹತ್ತಿರ ಸೇರೋಣ. ತಿಂಡಿ ಮುಗಿಸಿಕೊಂಡೇ ಬನ್ನಿ.

ಹೊಸಬರಿಗೆ ಫಾರಂ 6. ಮೊದಲು ಜನವರಿ 1ಕ್ಕೆ 18 ತುಂಬಿದೆಯಾ ಅಂತ ಮಾತ್ರ ನೋಡುತ್ತಿದ್ದರು. ಈಗ ಏಪ್ರಿಲ್, ಜುಲೈ, ಅಕ್ಟೋಬರ್ 1 ಕೂಡ ಲೆಕ್ಕಕ್ಕಿದೆ. 17 ತುಂಬಿದ ಪಿಯುಸಿ ಮಕ್ಕಳೂ ಮುಂಚೆಯೇ ಅರ್ಜಿ ಹಾಕಬಹುದು. ಮನೆ ಬದಲಿಸಿದವರಿಗೆ, ಹೆಸರು ತಪ್ಪಾಗಿರುವವರಿಗೆ ಫಾರಂ 8.

ಬಾಡಿಗೆ ಮನೆಯವರ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ಮಾತಾಡಿ. 'ಕಾರ್ಡ್ ಇದೆಯಲ್ಲ, ಮತ್ತೇನು?' ಅನ್ನುತ್ತಾರೆ. ಕಾರ್ಡ್ ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು. ಕಳೆದ ಸಲ ನಮ್ಮ ಅತ್ತೆ ಕಾರ್ಡನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋಗಿ, ಮುಕ್ಕಾಲು ಗಂಟೆ ಸಾಲಲ್ಲಿ ನಿಂತು, ಹಾಗೇ ವಾಪಸ್ ಬಂದರು. ಆವತ್ತು ಕಾಫಿ ಕೊಟ್ಟರೂ ಮುಟ್ಟಲಿಲ್ಲ.

ತುಂಬಿದ ಫಾರಂಗಳನ್ನು ನಾವು ಇಟ್ಟುಕೊಳ್ಳುವುದು ಬೇಡ. ಅವರವರ ಫೋನಿನಲ್ಲೇ ಹಾಕಿಸಿ, ಇಲ್ಲವೇ ಬಿಎಲ್‌ಒ (ನಮ್ಮ ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವ ಅಧಿಕಾರಿ) ಕೈಗೆ ಅವರೇ ಕೊಡಲಿ. ಹೆಸರಿನ ಅಕ್ಷರಗಳನ್ನು ಮಾರ್ಕ್ಸ್ ಕಾರ್ಡ್ ನೋಡಿ ಬರೆಸಿ. ಸುಮ್ನೆ ಕೇಳಿ ಬರೆದರೆ 'ಲಕ್ಷ್ಮೀ'ಗೆ ನಾಲ್ಕು ಥರ ಸ್ಪೆಲಿಂಗ್ ಆಗುತ್ತೆ, ಅಲ್ವಾ?

ಪಕ್ಷದ ಮಾತು, ಶಾಲು, ಬ್ಯಾಡ್ಜ್ ಯಾವುದೂ ಬೇಡ. ಯಾರ ಆಧಾರ್ ಫೋಟೊವನ್ನೂ ಈ ಗುಂಪಿಗೆ ಹಾಕಬೇಡಿ, ದಯವಿಟ್ಟು. ಗೊತ್ತಾಗದಿದ್ದರೆ ಸಹಾಯವಾಣಿ 1950ಕ್ಕೆ ಕರೆ ಮಾಡಿ.

ಬರುವವರು ಇಲ್ಲೇ 'ಬರ್ತೀನಿ' ಅಂತ ಹಾಕಿ. ಹೆಬ್ಬೆರಳು ಒತ್ತಿದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲ್ಲ!