ವಂಶಾವಳಿಯನ್ನು ಅಂತರ್ಜಾಲಕ್ಕೆ ಏರಿಸುವ ಮುನ್ನ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಮ್ಮ ಮನೆತನದ ವಂಶಾವಳಿಯನ್ನು ಅಂತರ್ಜಾಲದಲ್ಲಿ ಹಾಕುತ್ತೇನೆಂದು ಬರೆದಿದ್ದೀಯ. ಹಾಕು, ಒಳ್ಳೆಯ ಕೆಲಸ. ಆದರೆ ಕೂಡಿಟ್ಟಿದ್ದನ್ನೆಲ್ಲ ಒಂದೇ ಸಲಕ್ಕೆ ಏರಿಸಬೇಡಮ್ಮ. ಒಂದೊಂದನ್ನೂ ಕೈಗೆತ್ತಿಕೊಂಡು, ಇದನ್ನು ಬರೆದವರು ಯಾರು, ತೆಗೆಸಿದವರು ಯಾರು ಎಂದು ವಿಚಾರಿಸು.

ಯಾರು ಯಾರ ಮಗ, ಮದುವೆ ಯಾವ ವರ್ಷ, ಯಾವ ಊರಿಂದ ಬಂದರು ಎಂಬ ಸಂಗತಿಗಳಿಗೆ ಕೃತಿಸ್ವಾಮ್ಯ, ಅಂದರೆ ಕಾಪಿರೈಟ್, ಇಲ್ಲ. ಅವನ್ನು ಹೇಳಿದ ಬರಹಕ್ಕೆ ಇದೆ. ಹಾಗಾಗಿ ಬೇರೆ ಕವಲಿನವರು ಅಚ್ಚು ಹಾಕಿಸಿದ ಪುಸ್ತಕದಿಂದ ಹೆಸರು, ಇಸವಿ ತೆಗೆದುಕೋ. ಪುಟಗಳ ಫೋಟೊ ಹಾಕಬೇಡ. ವಂಶವೃಕ್ಷವನ್ನು ನೀನೇ ಹೊಸದಾಗಿ ಬರೆದು, ಪ್ರತಿ ಹೆಸರಿಗೂ ಮೂಲದ ಪುಟಸಂಖ್ಯೆ ಕೊಡು. ಇಲ್ಲವಾದರೆ ಅವರ ಒಂದು ತಪ್ಪು ಇಸವಿ ನಿನ್ನಿಂದ ಹತ್ತು ಕಡೆ ಹರಡುತ್ತದೆ, ತಿದ್ದಲು ಮೂಲವೇ ಸಿಗುವುದಿಲ್ಲ.

ಹಳೆಯ ಪತ್ರಗಳಲ್ಲಿ ತುಂಬ ಜನ ಎಡವುತ್ತಾರೆ. ಕಾಗದ ನಮ್ಮ ಪೆಟ್ಟಿಗೆಯಲ್ಲಿದ್ದರೂ ಅದರೊಳಗಿನ ಮಾತು ಬರೆದವರದು, ಅವರ ನಂತರ ವಾರಸುದಾರರದು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಪ್ರಕಟವಾದ ಬರಹದ ಹಕ್ಕು ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಅವರು ಬದುಕಿರುವಾಗ ಪ್ರಕಟವಾಗದ ಪತ್ರಕ್ಕೆ ಆ 60 ವರ್ಷದ ಲೆಕ್ಕ ಮೊದಲ ಪ್ರಕಟಣೆಯ ಮರುವರ್ಷದಿಂದ ಶುರು. ಕಾಗದ ಹಳದಿಯಾಗಿದೆ ಎಂದು ಹಕ್ಕು ಮುಗಿದಿದೆ ಅಂದುಕೊಳ್ಳಬೇಡ.

ಫೋಟೊಗಳ ಲೆಕ್ಕ ಬೇರೆ. ದುಡ್ಡು ಕೊಟ್ಟು ಸ್ಟುಡಿಯೋದಲ್ಲಿ ತೆಗೆಸಿದ ಪಟವಾದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಹಕ್ಕು ತೆಗೆಸಿದವರದು. ಅದೇ ಕಾಯ್ದೆಯ 17ನೇ ಸೆಕ್ಷನ್ ಹಾಗೆನ್ನುತ್ತದೆ. ಮುತ್ತಜ್ಜ ತೆಗೆಸಿದ್ದರೆ ಆಲ್ಬಂ ಇಟ್ಟುಕೊಂಡ ಒಬ್ಬರನ್ನಷ್ಟೇ ಅಲ್ಲ, ಮುತ್ತಜ್ಜನ ವಾರಸುದಾರರೆಲ್ಲರನ್ನೂ ಕೇಳು. ಸ್ನೇಹಿತರು ಸುಮ್ಮನೆ ತೆಗೆದುಕೊಟ್ಟ ಪಟದ ಹಕ್ಕು ಆ ಸ್ನೇಹಿತರಲ್ಲೇ ಉಳಿದಿರುತ್ತದೆ. ಸ್ಕ್ಯಾನ್ ಮಾಡಿ ಗೀರು ಅಳಿಸಿದ ಮಾತ್ರಕ್ಕೆ ಪಟ ನಿನ್ನದಾಗದು. ಅದರ ಮೇಲೆ ನಿನ್ನ ಹೆಸರು ಒತ್ತಬೇಡ.

ಹೆಳವರ ವಿಷಯದಲ್ಲಂತೂ ತುಂಬ ಎಚ್ಚರ ಬೇಕು. ಮನೆತನಗಳ ಪೀಳಿಗೆಯನ್ನು ನೆನಪಿನಲ್ಲೂ ಹೊತ್ತಿಗೆಯಲ್ಲೂ ಕಾಪಾಡಿಕೊಂಡು ಬಂದವರು ಅವರು, ಅದೇ ಅವರ ಜೀವನೋಪಾಯ. ಅವರು ಹಾಡಿ ಹೇಳುವುದು ಕಾನೂನಿನ ಕಣ್ಣಲ್ಲಿ ಪ್ರದರ್ಶನ. ಪ್ರದರ್ಶಕರ ಹಕ್ಕು 50 ವರ್ಷ ಇರುತ್ತದೆ. ನಾವು ಕೊಡುವ ದವಸ, ಕಾಣಿಕೆ ಹೇಳಿದ್ದಕ್ಕೆ ಮಾತ್ರ. ಅದರಿಂದ ಜಗತ್ತಿಗೆಲ್ಲ ಹಂಚುವ ಹಕ್ಕು ಬರುವುದಿಲ್ಲ. ಮೊಬೈಲ್ ತೆಗೆಯುವ ಮೊದಲೇ ಎಲ್ಲಿ ಹಾಕುತ್ತೀ, ಬೇರೆಯವರು ಇಳಿಸಿಕೊಳ್ಳಬಹುದೇ, ಹೆಸರು ಹೇಗೆ ಹಾಕಬೇಕು ಎಂದು ಬಿಡಿಸಿ ಹೇಳು. ಅವರ ಒಪ್ಪಿಗೆ ಅವರದೇ ದನಿಯಲ್ಲಿ ರೆಕಾರ್ಡಿಂಗಿನ ಮೊದಲಿಗೇ ಇರಲಿ. ಹೊತ್ತಿಗೆಯ ಪುಟ ಹಾಕಲು ಬೇರೆಯಾಗಿಯೇ ಕೇಳು.

ಹಳೆಯ ಕಲ್ಲುಶಾಸನಗಳ ಬರಹ ಹಾಕಲು ಅಡ್ಡಿಯಿಲ್ಲ. ಅವನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ 1927ರಲ್ಲೇ ತೀರಿಕೊಂಡರು, ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳ ಹಕ್ಕು ಎಂದೋ ಮುಗಿದಿದೆ. ಮೈಸೂರಿನಿಂದ ಆಮೇಲೆ ಬಂದ ಪರಿಷ್ಕೃತ ಆವೃತ್ತಿಯ ಪೀಠಿಕೆ, ಟಿಪ್ಪಣಿಗಳನ್ನು ಮಾತ್ರ ಎತ್ತಿ ಹಾಕಬೇಡ. ಚಂದಾ ಕಟ್ಟಿ ನೋಡುವ ವಿದೇಶಿ ತಾಣಗಳ ದಾಖಲೆಯ ಚಿತ್ರಗಳಿಗೆ ಆಯಾ ತಾಣದ ಕರಾರೇ ಅಡ್ಡ ಬರಬಹುದು, ಮೊದಲು ಓದಿಕೋ.

ಬದುಕಿರುವವರ ಹುಟ್ಟಿದ ದಿನ, ತಾಯಿಯ ಹೆಸರು ಬಿಟ್ಟುಬಿಡು. ಬ್ಯಾಂಕಿನವರು ಗುರುತಿಗೆ ಕೇಳುವುದು ಅವನ್ನೇ.

ಒಪ್ಪಿಗೆ ವಾಟ್ಸಾಪಿನಲ್ಲಿ ಬಂದರೂ ಸಾಕು, ಆದರೆ ಯಾವ ಪತ್ರ, ಯಾವ ಪಟ ಎಂದು ಅದರಲ್ಲೇ ಬರೆಸಿಕೊಂಡು ಚಿತ್ರದ ಜೊತೆಗೇ ಉಳಿಸಿಡು. ಉತ್ತರ ಬಾರದಿದ್ದರೆ ಒಪ್ಪಿದರೆಂದು ಎಣಿಸಬೇಡ. ಆ ಪತ್ರದ ಸಂಗತಿಯನ್ನು ನಿನ್ನ ಮಾತಿನಲ್ಲಿ ಬರೆದು, ಮೂಲ ಯಾವ ಕವಲಿನವರ ಬಳಿ ಇದೆ ಎಂದಷ್ಟೇ ಹಾಕು.

ಇತಿ,
ನಿನ್ನ ದೊಡ್ಡಪ್ಪ