ಗೈಡ್ ನಿವೃತ್ತರಾದರು, ಕುರ್ಚಿ ಇನ್ನೂ ಖಾಲಿ ಇದೆ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ಬಾಗಲಕೋಟೆಯಿಂದ ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿಯ ನಮಸ್ಕಾರಗಳು.

ನಾನು ಐದನೇ ವರ್ಷದಲ್ಲಿದ್ದೇನೆ. ಇಳಕಲ್, ಹುನಗುಂದ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ, ಬೇಸಿಗೆಗೂ ಮಳೆಗಾಲಕ್ಕೂ ಅದು ಹೇಗೆ ಏರಿಳಿಯುತ್ತದೆ ಎಂಬುದು ನನ್ನ ವಿಷಯ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಕುಡಿಯಬಾರದು. ಕುಡಿದ ಮಕ್ಕಳ ಹಲ್ಲು ಕಂದುಗಟ್ಟುತ್ತವೆ, ವರ್ಷಗಟ್ಟಲೆ ಕುಡಿದವರ ಕೀಲು ಬಿಗಿಯುತ್ತವೆ. ಇದು ನಮ್ಮ ಊರಿನ ಸಂಕಟ, ಅದಕ್ಕೇ ಈ ವಿಷಯ ಆರಿಸಿಕೊಂಡೆ.

ಮೂರನೇ ವರ್ಷದಲ್ಲಿ ನನ್ನ ಗೈಡ್, ಅಂದರೆ ಸಂಶೋಧನಾ ಮಾರ್ಗದರ್ಶಕರು, ನಿವೃತ್ತರಾದರು. ಆ ಹುದ್ದೆಗೆ ಇವತ್ತಿಗೂ ಯಾರೂ ಬಂದಿಲ್ಲ. ವಿಭಾಗದಲ್ಲಿ ಪಾಠ ನಡೆಸುತ್ತಿರುವವರೆಲ್ಲ ಅತಿಥಿ ಉಪನ್ಯಾಸಕರು. ಒಳ್ಳೆಯವರು, ಕಷ್ಟಪಡುವವರು. ಆದರೆ ಖಾಯಂ ಅಧ್ಯಾಪಕರಲ್ಲದವರು ಗೈಡ್ ಆಗುವಂತಿಲ್ಲ. ಖಾಯಂ ಇದ್ದವರೂ ಪ್ರೊಫೆಸರ್ ಆದರೆ 8, ಅಸೋಸಿಯೇಟ್ ಆದರೆ 6, ಅಸಿಸ್ಟೆಂಟ್ ಆದರೆ 4 ವಿದ್ಯಾರ್ಥಿಗಳಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಈ ನಿಯಮಗಳು ನನಗಿಂತ ತಮಗೇ ಚೆನ್ನಾಗಿ ಗೊತ್ತು. ಹಾಗಿದ್ದ ಮೇಲೆ ಖಾಲಿ ಹುದ್ದೆ ತುಂಬದೆ ಸಂಶೋಧನೆ ಮಾಡಿಸುವವರು ಯಾರು, ಹೇಳಿ.

ಹೋದ ವರ್ಷ ನಡೆದದ್ದನ್ನು ಬರೆಯಲೇಬೇಕು. ನೀರಿನಲ್ಲಿ ಫ್ಲೋರೈಡ್ ಅಳೆಯಲು ಒಂದು ಎಲೆಕ್ಟ್ರೋಡ್ ಬೇಕು, ಪೆನ್ನಿನಷ್ಟು ಉದ್ದದ್ದು. ನಮ್ಮ ಲ್ಯಾಬಿನದು ಹಳೆಯದಾಗಿ ಕೆಟ್ಟಿತು. ಹೊಸದಕ್ಕೆ ಅರ್ಜಿ ಕೊಟ್ಟೆ. ವಿಭಾಗಕ್ಕೆ ಖಾಯಂ ಮುಖ್ಯಸ್ಥರಿಲ್ಲ, ಪ್ರಭಾರ ಬೇರೆ ವಿಭಾಗದವರದು. ಅವರು ಸಹಿ ಮಾಡಲು ಎರಡು ತಿಂಗಳು. ಮೂರು ಕೊಟೇಶನ್ ತರಿಸಲು ಮತ್ತೆರಡು. ಅಷ್ಟರಲ್ಲಿ ಪ್ರಭಾರ ಇನ್ನೊಬ್ಬರಿಗೆ ಹೋಯಿತು, ಫೈಲು ಮೊದಲಿನಿಂದ ಶುರುವಾಯಿತು. ಒಂಬತ್ತು ತಿಂಗಳು! ನಾನು ಬೇಸಿಗೆಯಲ್ಲಿ ತುಂಬಿಸಿಟ್ಟ 84 ಬಾಟಲಿಗಳು ಕಪಾಟಿನ ಕೆಳಗೆ ಸಾಲಾಗಿ ಕೂತಿದ್ದವು. ಬೇಸಿಗೆಯ ನೀರು ಬೇಕೆಂದರೆ ಮತ್ತೊಂದು ಬೇಸಿಗೆ ಬರಬೇಕು, ಸರ್.

ಕೊನೆಗೆ ಧಾರವಾಡದಲ್ಲಿ ಪರಿಚಯದ ಒಬ್ಬರ ಕೈಕಾಲು ಹಿಡಿದು, ಅವರ ಲ್ಯಾಬಿನಲ್ಲಿ ಅಳೆಯಲು ಒಪ್ಪಿಸಿದೆ. ಫ್ಲೋರೈಡ್ ಇರುವ ನೀರನ್ನು ಗಾಜಿನಲ್ಲಿ ಇಡುವಂತಿಲ್ಲ ಎಂದು ಎಲ್ಲವೂ ಪ್ಲಾಸ್ಟಿಕ್ ಬಾಟಲಿ. ಅವನ್ನು ಎರಡು ಜೋಳದ ಚೀಲಕ್ಕೆ ತುಂಬಿ, ನಸುಕಿನಲ್ಲಿ ಅಪ್ಪ ಬಸ್ಸಿಗೆ ಹತ್ತಿಸಿದರು. ಶಕ್ತಿ ಯೋಜನೆಯಿಂದ ನನಗೆ ಉಚಿತ ಟಿಕೆಟ್ ಸಿಕ್ಕಿತು, ಚೀಲಗಳಿಗೆ ಕಂಡಕ್ಟರ್ ಲಗೇಜ್ ಹರಿದುಕೊಟ್ಟರು. "ಏನವ್ವಾ, ಬರೇ ನೀರು ಒಯ್ಯಾಕತ್ತೀಯಲ್ಲ, ಧಾರವಾಡದಾಗ ನೀರು ಸಿಗೂದಿಲ್ಲೇನು?" ಅಂದರು. ಏನು ಉತ್ತರ ಕೊಡಬೇಕೋ ತಿಳಿಯಲಿಲ್ಲ. ಒಂದು ಬಾಟಲಿ ದಾರಿಯಲ್ಲೇ ಸೋರಿ, ಊರಿನ ಹೆಸರು ಬರೆದ ಚೀಟಿ ಅಳಿಸಿಹೋಗಿತ್ತು. ಅದೊಂದು ಹಳ್ಳಿಯ ಲೆಕ್ಕ ನನ್ನ ಪ್ರಬಂಧದಲ್ಲಿ ಇಲ್ಲ.

ಇದೇ ಹೊತ್ತಿಗೆ ನನ್ನ ಮೊಬೈಲಿಗೆ ಮೆಸೇಜು ಬರುತ್ತವೆ: ದುಡ್ಡು ಹಾಕಿ, ಏಳು ದಿನದಲ್ಲಿ ಪೇಪರ್ ಪ್ರಕಟ, ಮೊದಲ ಹೆಸರು ನಿಮ್ಮದೇ. ಗೈಡ್ ಇಲ್ಲದ, ಉಪಕರಣ ಇಲ್ಲದ, ವಯಸ್ಸು ಮೀರುತ್ತಿರುವ ಹುಡುಗ ಹುಡುಗಿಯರು ಅದಕ್ಕೆ ಬೀಳುತ್ತಾರೆ. ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ಯುಜಿಸಿ 2022ರಲ್ಲೇ ಕೈಬಿಟ್ಟಿದೆ. ನಮ್ಮಲ್ಲಿ ಈಗಲೂ "ಎರಡು ಪೇಪರ್ ಎಲ್ಲಿ?" ಎಂದೇ ಕೇಳುತ್ತಾರೆ. ಆಮೇಲೆ ಭಾರತದ ಲೇಖನಗಳು ಪ್ರಕಟವಾದ ಮೇಲೂ ತಪ್ಪು ಸಿಕ್ಕಿ ವಾಪಸಾಗುತ್ತಿವೆ, ದೇಶದ ಮಾನ ಹೋಗುತ್ತಿದೆ ಎಂದು ದೊಡ್ಡವರು ಭಾಷಣ ಮಾಡುತ್ತಾರೆ. ವಾಪಸಾದ ಲೇಖನಗಳಿಗೆ ವಿಶ್ವವಿದ್ಯಾಲಯಗಳನ್ನು ಅಳೆಯುವ ಕೇಂದ್ರದ ಎನ್‌ಐಆರ್‌ಎಫ್ ರ‍್ಯಾಂಕಿಂಗಿನಲ್ಲಿ ಅಂಕ ಕಡಿತವೂ ಶುರುವಾಗಿದೆ. ಕಡಿಯಲಿ, ನನ್ನ ತಕರಾರಿಲ್ಲ. ಆದರೆ ಪ್ರಾಮಾಣಿಕವಾಗಿ ಕೆಲಸ ಮಾಡುವವರಿಗೆ ಮೊದಲು ಒಬ್ಬ ಮೇಷ್ಟ್ರನ್ನು ಕೊಡಿ.

ಈ ದೇಶಕ್ಕೆ ವಿಜ್ಞಾನದಲ್ಲಿ ಹೆಸರು ಬಂದದ್ದು ಯಾರಿಂದ? 1924ರಲ್ಲಿ ಐನ್‌ಸ್ಟೈನರಿಗೆ ತಮ್ಮ ಲೇಖನ ಕಳಿಸಿದ ಸತ್ಯೇಂದ್ರನಾಥ ಬೋಸರು ಢಾಕಾ ವಿಶ್ವವಿದ್ಯಾಲಯದ ಅಧ್ಯಾಪಕರು. 1930ರಲ್ಲಿ ನೊಬೆಲ್ ಪಡೆದಾಗ ರಾಮನ್ ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರೊಫೆಸರು. ನಮ್ಮ ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ರ‍್ಯಾಂಗ್ಲರ್ (ಗಣಿತದಲ್ಲಿ ಪ್ರಥಮ ದರ್ಜೆ ಪಡೆದವರು) ಆಗಿ ಬಂದ ಡಿ.ಸಿ. ಪಾವಟೆಯವರು ಹದಿಮೂರು ವರ್ಷ ಕುಲಪತಿಯಾಗಿದ್ದು ಕರ್ನಾಟಕ ವಿಶ್ವವಿದ್ಯಾಲಯ ಕಟ್ಟಿದರು. ಇವರೆಲ್ಲ ವಿಶ್ವವಿದ್ಯಾಲಯದ ಮೇಷ್ಟ್ರುಗಳು. ಇವತ್ತು ನಮ್ಮ ದೇಶ ಸಂಶೋಧನೆಗೆ ಖರ್ಚು ಮಾಡುವುದು ಜಿಡಿಪಿಯ ಶೇ 0.64ರಷ್ಟು. ದೆಹಲಿಯಲ್ಲಿ ಸಂಶೋಧನೆಗೆ ದುಡ್ಡು ಕೊಡುವ ಅನುಸಂಧಾನ ಪ್ರತಿಷ್ಠಾನದ ಹೆಸರಿನಲ್ಲಿ ಐದು ವರ್ಷಕ್ಕೆ 50,000 ಕೋಟಿ ಎಂದು ಹೇಳಿದರು. ಆ ದುಡ್ಡಿಗೆ ಅರ್ಜಿ ಹಾಕಲಿಕ್ಕಾದರೂ ಖಾಯಂ ಅಧ್ಯಾಪಕರು ಇರಬೇಕಲ್ಲ? ನಮ್ಮ ವಿಭಾಗದಿಂದ ಯಾರು ಹಾಕಬೇಕು?

ಇಲ್ಲಿ ಹುದ್ದೆ ತುಂಬುವುದು ದೆಹಲಿಯ ಕೈಯಲ್ಲಿಲ್ಲ, ತಮ್ಮ ಸರ್ಕಾರದ ಕೈಯಲ್ಲಿದೆ. ಆರ್ಥಿಕ ಇಲಾಖೆಯ ಒಪ್ಪಿಗೆ, ಮೀಸಲಾತಿಯ ರೋಸ್ಟರ್, ಕೋರ್ಟ್ ಕೇಸು ಎಂದು ಐದು ವರ್ಷದಿಂದ ಕೇಳಿದ್ದೇನೆ. ಕೇಳಿ ಕೇಳಿ ಸಾಕಾಗಿದೆ. ಹುದ್ದೆ ತುಂಬಿ. ಎಲ್ಲವನ್ನೂ ಒಮ್ಮೆಲೇ ಆಗದಿದ್ದರೆ ವಿಭಾಗಕ್ಕೆ ಇಬ್ಬರನ್ನಾದರೂ ತುಂಬಿ. ಉಪಕರಣ ರಿಪೇರಿಗೆ ವಿಭಾಗದಲ್ಲೇ ಖರ್ಚು ಮಾಡುವಷ್ಟು ದುಡ್ಡು ಬಿಡಿ.

ಚಳಿಗಾಲದ ಅಧಿವೇಶನಕ್ಕೆ ತಾವು ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೆ ಬರುತ್ತೀರಿ. ಅಲ್ಲಿ ಉತ್ತರ ಕರ್ನಾಟಕದ ಚರ್ಚೆಗೆ ಎಂದು ಎತ್ತಿಡುವ ಹೊತ್ತಿನಲ್ಲಿ ಈ ಭಾಗದ ವಿಶ್ವವಿದ್ಯಾಲಯಗಳಲ್ಲಿ ಎಷ್ಟು ಖಾಯಂ ಹುದ್ದೆ ಖಾಲಿ ಇವೆ, ಯಾವ ತಾರೀಖಿನೊಳಗೆ ತುಂಬುತ್ತೀರಿ ಎಂದು ಸದನದಲ್ಲಿ ಹೇಳಿ. ತಾರೀಖು ಹೇಳಿ, ಸರ್.

ನೀರು ತುಂಬಿಸಿಕೊಳ್ಳಲು ಹೋದಾಗಲೆಲ್ಲ ಒಬ್ಬ ಅಜ್ಜಿ ಬೋರಿನ ಹತ್ತಿರ ಬಂದು ನಿಲ್ಲುತ್ತಾರೆ. "ಯವ್ವಾ, ನಮ್ಮ ನೀರಿಂದು ಏನಾತು?" ಎಂದು ಕೇಳುತ್ತಾರೆ. ಚೀಟಿ ಅಳಿಸಿಹೋದ ಬಾಟಲಿ ಅವರ ಊರಿನದು. ಈ ಬೇಸಿಗೆಗೆ ಮತ್ತೆ ಹೋಗಬೇಕು.

ಇಂತಿ,
ಒಬ್ಬ ಸಂಶೋಧನಾ ವಿದ್ಯಾರ್ಥಿನಿ
ಬಾಗಲಕೋಟೆ