ಇದು ಹೊಂದಿಸಿ ಬರೆಯಿರಿ ಅಲ್ಲ ಕಣೋ

ಪ್ರೀತಿಯ ತಮ್ಮಾ,

ಹಳೇ ಒಡಂಬಡಿಕೆಯ ಪ್ರವಾದಿಗಳು ನುಡಿದ ಭವಿಷ್ಯ ಯೇಸುನಲ್ಲಿ ನೆರವೇರಿತು ಅಂತ ನೀನು ಬರೆದ ಲೇಖನ ಎರಡು ಸಲ ಓದ್ದೆ. ಎಡಗಡೆ ಪ್ರವಾದಿ ಮಾತು, ಬಲಗಡೆ ಯೇಸುನ ಕತೆ ಹೇಳೋ ಸುವಾರ್ತೆಯ ವಚನ, ಥೇಟ್ ಎಸ್ಸೆಸ್ಸೆಲ್ಸಿ ಪೇಪರಿನ ಹೊಂದಿಸಿ ಬರೆಯಿರಿ. ಬೇಜಾರಾಗ್ಬೇಡ, ನಿನ್ನ ವಯಸ್ಸಲ್ಲಿ ನಾನೂ ಇದೇ ಪಟ್ಟಿ ಮಾಡಿ ಕೊನೇಲಿ ಮೂರು ಆಶ್ಚರ್ಯಸೂಚಕ ಬೇರೆ ಹಾಕಿದೀನಿ.

ಒಂದನ್ನೇ ತಗೋ. ಮಗು ಯೇಸುನ ಕೊಲ್ಲೋಕೆ ಹುಡುಕ್ತಿದ್ದ ರಾಜ ಹೆರೋದನ ಭಯಕ್ಕೆ ಯೋಸೇಫ ತಾಯಿಮಗೂನ ಕರ್ಕೊಂಡು ಈಜಿಪ್ಟಿಗೆ ಹೋಗ್ತಾನೆ, ಅಲ್ಲಿ ಸುವಾರ್ತೆ ಬರೆದ ಮತ್ತಾಯ (2:15) ಪ್ರವಾದಿ ಹೋಶೇಯನ ಮಾತು ತರ್ತಾನೆ, ನನ್ನ ಮಗನನ್ನ ಐಗುಪ್ತದಿಂದ (ಈಜಿಪ್ಟೇ) ಕರೆದೆ ಅಂತ. ನೀನು 'ಭವಿಷ್ಯ ನೆರವೇರಿತು' ಅಂತ ಬರೆದು ಮುಂದಕ್ಕೆ ಹೋಗ್ಬಿಟ್ಟೆ. ಹೋಶೇಯ 11 ತೆಗೆದು ನೋಡಿದ್ಯಾ? ಅಲ್ಲಿ ಮಗ ಅಂದ್ರೆ ಇಸ್ರಾಯೇಲ್ ಜನ, ಮಾತು ಈಜಿಪ್ಟಿನ ಗುಲಾಮಗಿರಿಯಿಂದ ಹಿಂದೆ ನಡೆದುಹೋದ ಬಿಡುಗಡೆದು, ಭವಿಷ್ಯ ಅಲ್ವೇ ಅಲ್ಲ. ಎರಡನೇ ವಚನಕ್ಕೇ ಆ ಮಗ ಬಾಳ್ ಅನ್ನೋ ಬೇರೆ ದೇವರ ಹಿಂದೆ ಹೋಗಿದಾನೆ, ಮೂರನೇದ್ರಲ್ಲಿ ದೇವರು ಕೈ ಹಿಡಿದು ನಡೆಯೋಕೆ ಕಲಿಸಿದ್ದು ನಾನೇ ಅಲ್ವಾ ಅಂತ ಹೆತ್ತಪ್ಪನ ಹಾಗೆ ಕೊರಗ್ತಾನೆ. ಮತ್ತಾಯನಿಗೆ ಇದು ಗೊತ್ತಿರಲಿಲ್ಲ ಅಂದ್ಕೊಂಡ್ಯಾ? ಮಾತು ಕೇಳದ ಆ ಮಗ ನಡೆದ ದಾರೀಲೇ ಯೇಸುನ ನಡೆಸ್ತಿದಾನೆ ಅವನು, ಈಜಿಪ್ಟು, ನೀರು (ಅವರಿಗೆ ಸಮುದ್ರ, ಇವನಿಗೆ ದೀಕ್ಷಾಸ್ನಾನ), ಆಮೇಲೆ ಅಡವಿ, ಅಲ್ಲಿ ಅವರ 40 ವರ್ಷಕ್ಕೆ ಇವನ 40 ದಿನ, ಈ ಮಗ ಎಡವಲ್ಲ ಅಂತ ತೋರ್ಸೋಕೆ. 'ನೆರವೇರಿತು' ಅನ್ನೋ ಪದ ಅಲ್ಲಿ ಜಾತಕ ಸರಿಹೋಯ್ತು ಅನ್ನೋ ಅರ್ಥದ್ದಲ್ಲ, ಅರ್ಧಕ್ಕೆ ನಿಂತ ಕತೆ ತುಂಬಿತು ಅನ್ನೋದು.

ಕನ್ಯೆ ಗರ್ಭಿಣಿಯಾಗಿ ಮಗನ್ನ ಹೆರ್ತಾಳೆ ಅನ್ನೋ ಪ್ರವಾದಿ ಯೆಶಾಯನ 7:14 ಬರೀವಾಗ ಹುಷಾರು. ಹೀಬ್ರೂನಲ್ಲಿರೋದು ಅಲ್ಮಾ, ಹರೆಯದ ಹೆಣ್ಣು, ಗ್ರೀಕ್ ಅನುವಾದದಲ್ಲಿ ಪಾರ್ಥೆನೊಸ್ ಅಂದ್ರೆ ಕನ್ಯೆ ಅಂತಾಯ್ತು, ಮತ್ತಾಯ ಗ್ರೀಕನ್ನೇ ಹಿಡಿದ. ಇಬ್ಬರು ರಾಜರು ಸೇರಿ ಯೆರೂಸಲೇಮಿನ ಮೇಲೆ ಬಿದ್ದಾಗ ನಡುಗ್ತಿದ್ದ ಯೆಹೂದದ ರಾಜ ಆಹಾಜನಿಗೆ ಕೊಟ್ಟ ಗುರುತು ಅದು. ಇದನ್ನ ಮುಚ್ಚಿಡ್ಬೇಡ, ಯೆಹೂದ್ಯರು ಈ ಗ್ರಂಥಾನ ಇವತ್ತಿಗೂ ಹೀಬ್ರೂನಲ್ಲೇ ಓದ್ತಾರೆ, ಅವರಿಗೆ ಅರ್ಥ ಆಗ್ಲಿಲ್ಲ ಅಂತ ನೀನು ಬರೆದಿರೋ ಸಾಲು ನಂಗೆ ಹಿಡಿಸ್ಲಿಲ್ಲ, ಹೊಡೆದು ಹಾಕು.

ನಿನ್ನ ಪಟ್ಟೀಲಿ ಇಲ್ದೇ ಇರೋದು ಲೂಕ 4. ನಜರೇತಿನ ಸಭಾಮಂದಿರದಲ್ಲಿ ಯೇಸು ಯೆಶಾಯ 61 ಓದ್ತಾನೆ, ಕರ್ತನ ಪ್ರಸನ್ನತೆಯ ವರ್ಷ ಅನ್ನೋ ತನಕ ಬಂದು ಸುರುಳಿ ಸುತ್ತಿ ಕೊಟ್ಟು ಕೂತ್ಕೋತಾನೆ. ಯೆಶಾಯದಲ್ಲಿ ವಾಕ್ಯ ಅಲ್ಲಿಗೆ ಮುಗಿಯಲ್ಲ, ಮುಂದಿರೋದು ದೇವರು ಮುಯ್ಯಿ ತೀರಿಸೋ ದಿನ. ಅದನ್ನ ಓದ್ಲಿಲ್ಲ! ಎಲ್ಲರ ಕಣ್ಣೂ ಅವನ ಮೇಲೇ.

ಪಟ್ಟಿ ಬಿಟ್ಟು, ಆ ನಿಲ್ಲಿಸಿದ ಜಾಗದಿಂದ ಶುರು ಮಾಡಿ ಕಳ್ಸು. ಭಾನುವಾರ ಆರಾಧನೆ ಮುಗಿಸ್ಕೊಂಡು ಬಂದು ಓದ್ತೀನಿ.

ಇಂತಿ ನಿನ್ನ ಅಣ್ಣ